ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ವಾಸ ಬದಲಿಸುವ ವೃದ್ಧರಿಗೆ ಮೆಡಿಕೇಡ್ ದೀರ್ಘಾವಧಿ ಆರೈಕೆ ಸೌಲಭ್ಯ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹಲವು ದಶಕಗಳ ಹಿಂದೆ ಉದ್ಯೋಗ ನಿಮಿತ್ತ ತೆರಳಿದ ಕನ್ನಡಿಗರು ಇಂದು ವೃದ್ಧಾಪ್ಯವನ್ನು ತಲುಪಿದ್ದಾರೆ. ಮಕ್ಕಳ ಪ್ರಾಯೋಜಕತ್ವದ ಮೇರೆಗೆ ಗ್ರೀನ್ ಕಾರ್ಡ್ ಪಡೆದು ಅಲ್ಲಿಗೆ ಹೋಗಿ ನೆಲೆಸಿದ ತಂದೆತಾಯಿಯರೂ ಇದ್ದಾರೆ. ದಂಪತಿಗಳಲ್ಲಿ ಒಬ್ಬರು ತೀರಿಕೊಂಡಾಗ ಅಥವಾ ಜೊತೆಗಿದ್ದ ಮಗನಿಗೆ ಬೇರೆ ರಾಜ್ಯದಲ್ಲಿ ಉದ್ಯೋಗ ದೊರೆತಾಗ, ಆರೈಕೆಯಲ್ಲಿರುವ ಹಿರಿಯರನ್ನು ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಕರೆದೊಯ್ಯುವ ಸಂದರ್ಭ ಒದಗುತ್ತದೆ. ಆಗ ಕುಟುಂಬದವರು ಕೇಳುವ ಮೊದಲ ಪ್ರಶ್ನೆ, ಈಗಿರುವ ಮೆಡಿಕೇಡ್ ಸೌಲಭ್ಯವನ್ನು ಹೊಸ ರಾಜ್ಯಕ್ಕೆ ವರ್ಗಾಯಿಸಿಕೊಳ್ಳಬಹುದೇ ಎಂಬುದು.

ವರ್ಗಾವಣೆಗೆ ಅವಕಾಶವಿರುವುದಿಲ್ಲ. ಹಳೆಯ ರಾಜ್ಯದಲ್ಲಿ ಸೌಲಭ್ಯವನ್ನು ಮುಕ್ತಾಯಗೊಳಿಸಿ, ಹೊಸ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಇವೆರಡರ ನಡುವೆ ಉಂಟಾಗುವ ಅಂತರವೇ ಕುಟುಂಬಗಳಿಗೆ ದೊಡ್ಡ ಹೊರೆಯಾಗುತ್ತದೆ. ಶುಶ್ರೂಷಾಲಯದ ವೆಚ್ಚವು ಅನೇಕ ರಾಜ್ಯಗಳಲ್ಲಿ ತಿಂಗಳಿಗೆ 9 ಸಾವಿರ ಡಾಲರ್ ಮೀರಿರುವುದರಿಂದ, ಒಂದೆರಡು ತಿಂಗಳ ಅಂತರವೂ ಸಾಮಾನ್ಯ ಕುಟುಂಬವನ್ನು ಸಾಲಕ್ಕೆ ದೂಡಬಲ್ಲದು. ಈ ಅಂತರವನ್ನು ಮುಂಚಿತವಾಗಿ ಅರಿತು, ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಯೋಜನೆಯ ಸ್ವರೂಪ

ಮೆಡಿಕೇಡ್ ಯೋಜನೆಯು 1965ರಲ್ಲಿ ಜಾರಿಗೆ ಬಂದಿತು. ಇದು ಕೇಂದ್ರ ಸರ್ಕಾರ ಹಾಗೂ ರಾಜ್ಯ ಸರ್ಕಾರಗಳು ಸೇರಿ ವೆಚ್ಚ ಭರಿಸುವ, ಅಲ್ಪ ಆದಾಯದವರ ವೈದ್ಯಕೀಯ ನೆರವಿನ ಯೋಜನೆ. ಮೂಲ ನಿಯಮಗಳನ್ನು ಕೇಂದ್ರವು ರೂಪಿಸುತ್ತದೆ. ಆ ಮಿತಿಯೊಳಗೆ ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ನೆರವು ನೀಡಬೇಕೆಂಬುದನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ಹೆಸರು ಕೂಡ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದುಂಟು. ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಟೆನೆಸ್ಸಿಯಲ್ಲಿ ಟೆನ್‌ಕೇರ್ ಎಂದು ಕರೆಯಲಾಗುವ ಯೋಜನೆಗಳು ಮೆಡಿಕೇಡ್‌ನ ರೂಪಗಳೇ ಆಗಿವೆ.

ಮೆಡಿಕೇಡ್ ಬೇರೆ, ಮೆಡಿಕೇರ್ ಬೇರೆ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಮೆಡಿಕೇರ್ ಮುಖ್ಯವಾಗಿ 65 ವರ್ಷ ಮೇಲ್ಪಟ್ಟವರಿಗಾಗಿ ಇರುವ ಕೇಂದ್ರದ ವಿಮೆ; ಅದು ದೇಶದಾದ್ಯಂತ ಒಂದೇ. ಆದರೆ ಆಸ್ಪತ್ರೆಯ ಚಿಕಿತ್ಸೆಯ ನಂತರ ಬೇಕಾಗುವ ನುರಿತ ಶುಶ್ರೂಷೆಗೆ ಒಂದು ಸೌಲಭ್ಯಾವಧಿಯಲ್ಲಿ ಗರಿಷ್ಠ 100 ದಿನಗಳವರೆಗೆ ಮಾತ್ರ ಅದು ನೆರವಾಗುತ್ತದೆ. ಸ್ನಾನ, ಊಟ, ಓಡಾಟ ಮುಂತಾದ ನಿತ್ಯದ ಕೆಲಸಗಳಿಗೆ ವರ್ಷಗಟ್ಟಲೆ ಬೇಕಾಗುವ ಸಹಾಯದ ವೆಚ್ಚವನ್ನು ಮೆಡಿಕೇರ್ ಭರಿಸುವುದಿಲ್ಲ. ಅದನ್ನು ಭರಿಸುವ ಪ್ರಮುಖ ಸರ್ಕಾರಿ ಯೋಜನೆ ಮೆಡಿಕೇಡ್.

ಮತ್ತೊಂದು ಪದದ ಬಗ್ಗೆಯೂ ಸ್ಪಷ್ಟನೆ ಅಗತ್ಯ. ಕರ್ನಾಟಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಪದವು ವೃದ್ಧರು ಹಾಗೂ ಅಶಕ್ತರು ದೀರ್ಘಕಾಲ ವಾಸವಿದ್ದು ಆರೈಕೆ ಪಡೆಯುವ ಸಂಸ್ಥೆಯನ್ನು ಸೂಚಿಸುತ್ತದೆ. ಈ ಲೇಖನದಲ್ಲಿ ಅದನ್ನು ಶುಶ್ರೂಷಾಲಯ ಎಂದು ಕರೆಯಲಾಗಿದೆ.

3. ವಾಸಸ್ಥಳದ ನಿಯಮ

ಒಬ್ಬ ವ್ಯಕ್ತಿಯು ಏಕಕಾಲದಲ್ಲಿ ಎರಡು ರಾಜ್ಯಗಳ ನಿವಾಸಿಯಾಗಿ ಮೆಡಿಕೇಡ್ ಪಡೆಯಲು ಬರುವುದಿಲ್ಲ. ರಾಜ್ಯಗಳು ತಮ್ಮ ಫಲಾನುಭವಿಗಳ ಪಟ್ಟಿಯನ್ನು ಪ್ಯಾರಿಸ್ ಎಂಬ ಅಂತರರಾಜ್ಯ ಮಾಹಿತಿ ವ್ಯವಸ್ಥೆಯ ಮೂಲಕ ತಾಳೆ ನೋಡುತ್ತವೆ. ಆದ್ದರಿಂದ ಹಳೆಯ ರಾಜ್ಯಕ್ಕೆ ತಿಳಿಸದೆ ಎರಡೂ ಕಡೆ ಸೌಲಭ್ಯ ಇಟ್ಟುಕೊಳ್ಳುವ ಪ್ರಯತ್ನವು ವಸೂಲಾತಿಗೆ ಹಾಗೂ ಕಾನೂನು ಕ್ರಮಕ್ಕೆ ಎಡೆಮಾಡಿಕೊಡುತ್ತದೆ.

ಅದೇ ವೇಳೆಗೆ ನಿಯಮವು ಅರ್ಜಿದಾರರಿಗೆ ಅನುಕೂಲಕರವಾದ ಒಂದು ಅಂಶವನ್ನೂ ಒಳಗೊಂಡಿದೆ. ಇಷ್ಟು ತಿಂಗಳು ವಾಸವಿದ್ದರೆ ಮಾತ್ರ ಅರ್ಹರು ಎಂಬ ಷರತ್ತನ್ನು ಯಾವ ರಾಜ್ಯವೂ ವಿಧಿಸುವಂತಿಲ್ಲ. ಇಂತಹ ಕಾಯುವಿಕೆಯ ಷರತ್ತುಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1969ರ ಶಪಿರೋ ವಿರುದ್ಧ ಥಾಮ್ಸನ್ ಪ್ರಕರಣದಲ್ಲಿ ಕಲ್ಯಾಣ ಯೋಜನೆಗಳ ವಿಷಯದಲ್ಲಿಯೂ, 1974ರ ಮತ್ತೊಂದು ಪ್ರಕರಣದಲ್ಲಿ ಬಡವರ ವೈದ್ಯಕೀಯ ನೆರವಿನ ವಿಷಯದಲ್ಲಿಯೂ ತಳ್ಳಿಹಾಕಿದೆ. ಮೆಡಿಕೇಡ್‌ನ ಕೇಂದ್ರ ನಿಯಮಗಳಲ್ಲಿಯೂ ಈ ನಿಷೇಧವಿದೆ. ಹೊಸ ರಾಜ್ಯದಲ್ಲಿ ನೆಲೆಸುವ ಉದ್ದೇಶದಿಂದ ಬಂದು ವಾಸಿಸತೊಡಗಿದ ದಿನದಿಂದಲೇ ಅರ್ಜಿ ಸಲ್ಲಿಸಬಹುದು.

ಮರೆವಿನ ಕಾಯಿಲೆ ಮುಂತಾದ ಕಾರಣಗಳಿಂದ ತಮ್ಮ ಉದ್ದೇಶವನ್ನು ಹೇಳಲಾಗದ ಹಿರಿಯರ ವಿಷಯದಲ್ಲಿ, ಅವರು ಪ್ರೌಢ ವಯಸ್ಸಿನಲ್ಲಿ ಆ ಸ್ಥಿತಿಗೆ ಬಂದಿದ್ದರೆ, ಅವರು ಪ್ರತ್ಯಕ್ಷವಾಗಿ ವಾಸಿಸುತ್ತಿರುವ ರಾಜ್ಯವೇ ಅವರ ವಾಸಸ್ಥಳವೆಂದು ಪರಿಗಣಿಸಲ್ಪಡುತ್ತದೆ. ಆದುದರಿಂದ ಮಗಳು ತಾಯಿಯನ್ನು ತನ್ನ ರಾಜ್ಯದ ಶುಶ್ರೂಷಾಲಯಕ್ಕೆ ಸೇರಿಸಿದಲ್ಲಿ, ತಾಯಿಯ ಬಾಯಿಂದಲೇ ಹೇಳಿಕೆ ಬರಬೇಕೆಂಬ ಕಾರಣಕ್ಕೆ ಅರ್ಜಿಯನ್ನು ನಿರಾಕರಿಸಲು ಬರುವುದಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಒಂದು ರಾಜ್ಯದ ಇಲಾಖೆಯೇ ವ್ಯವಸ್ಥೆ ಮಾಡಿ ಫಲಾನುಭವಿಯನ್ನು ಬೇರೆ ರಾಜ್ಯದ ಸಂಸ್ಥೆಗೆ ಸೇರಿಸಿದ್ದಲ್ಲಿ, ಸೇರಿಸಿದ ರಾಜ್ಯವೇ ವೆಚ್ಚದ ಹೊಣೆ ಹೊರುತ್ತದೆ. ಇಲಾಖೆಯು ಕೇವಲ ಮಾಹಿತಿ ನೀಡಿದ್ದರೆ ಅದನ್ನು ಸೇರ್ಪಡೆ ಎಂದು ಪರಿಗಣಿಸಲಾಗುವುದಿಲ್ಲ.

4. ತಾತ್ಕಾಲಿಕ ಪ್ರವಾಸ

ಹಬ್ಬಕ್ಕೋ ಮೊಮ್ಮಗನ ಉಪನಯನಕ್ಕೋ ಕೆಲವು ವಾರ ಬೇರೆ ರಾಜ್ಯಕ್ಕೆ ಹೋಗಿ ಮರಳುವವರು ವಾಸಸ್ಥಳ ಬದಲಿಸಿದಂತಾಗುವುದಿಲ್ಲ. ಹಿಂದಿರುಗುವ ಉದ್ದೇಶವಿರುವವರೆಗೆ ಸ್ವಂತ ರಾಜ್ಯದ ಮೆಡಿಕೇಡ್ ಮುಂದುವರಿಯುತ್ತದೆ. ಪ್ರವಾಸದಲ್ಲಿದ್ದಾಗ ತುರ್ತು ಚಿಕಿತ್ಸೆ ಬೇಕಾದಲ್ಲಿ, ಅಥವಾ ಸ್ವಂತ ರಾಜ್ಯಕ್ಕೆ ಮರಳುವುದರಿಂದ ಆರೋಗ್ಯಕ್ಕೆ ಅಪಾಯವಿದ್ದಲ್ಲಿ, ಸ್ವಂತ ರಾಜ್ಯವು ವೆಚ್ಚ ಭರಿಸಬೇಕೆಂದು ಕೇಂದ್ರ ನಿಯಮವು ಹೇಳುತ್ತದೆ. ಆದರೆ ಚಿಕಿತ್ಸೆ ನೀಡುವ ಸಂಸ್ಥೆಯು ಆ ರಾಜ್ಯದ ಮೆಡಿಕೇಡ್‌ಗೆ ಬಿಲ್ಲು ಸಲ್ಲಿಸಲು ಒಪ್ಪಬೇಕು. ಆದ್ದರಿಂದ ನಿತ್ಯದ ಮನೆ ಆರೈಕೆಯನ್ನಾಗಲಿ ಶುಶ್ರೂಷಾಲಯದ ವಾಸವನ್ನಾಗಲಿ ಹಳೆಯ ರಾಜ್ಯದ ಕಾರ್ಡಿನ ಮೇಲೆ ಹೊಸ ರಾಜ್ಯದಲ್ಲಿ ನಡೆಸಬಹುದೆಂದು ನಂಬಬಾರದು. ಭಾರತಕ್ಕೆ ಬಂದಾಗ ಇಲ್ಲಿ ಪಡೆಯುವ ಚಿಕಿತ್ಸೆಗೆ ಮೆಡಿಕೇಡ್ ಹಣ ನೀಡುವುದಿಲ್ಲ.

5. ಶುಶ್ರೂಷಾಲಯ ಮತ್ತು ಮನೆ ಆರೈಕೆ: ಮುಖ್ಯ ವ್ಯತ್ಯಾಸ

ವಾಸ ಬದಲಿಸುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯವಿದು. ಅರ್ಹರಾದ ವಯಸ್ಕರಿಗೆ ಶುಶ್ರೂಷಾಲಯದ ಆರೈಕೆ ಒದಗಿಸುವುದು ಪ್ರತಿ ರಾಜ್ಯಕ್ಕೂ ಕಡ್ಡಾಯ. ಅದಕ್ಕೆ ಕಾಯುವ ಪಟ್ಟಿ ಮಾಡಿ ಸೌಲಭ್ಯ ತಡೆಹಿಡಿಯಲು ರಾಜ್ಯಕ್ಕೆ ಅಧಿಕಾರವಿಲ್ಲ. ಆದರೆ ಮನೆಯಲ್ಲಿಯೇ ಇದ್ದು ಆರೈಕೆ ಪಡೆಯುವ ಸೌಲಭ್ಯವನ್ನು ಬಹುತೇಕ ರಾಜ್ಯಗಳು ವೇವರ್ ಎಂಬ ವಿಶೇಷ ಅನುಮತಿಯ ಯೋಜನೆಗಳ ಮೂಲಕ ನೀಡುತ್ತವೆ. 1981ರ ಕಾಯಿದೆಯಿಂದ ಬಂದ ಈ ಯೋಜನೆಗಳಲ್ಲಿ ಫಲಾನುಭವಿಗಳ ಸಂಖ್ಯೆಗೆ ಮಿತಿ ಹಾಕಲು ರಾಜ್ಯಗಳಿಗೆ ಅವಕಾಶವಿದೆ. ಮಿತಿ ತುಂಬಿದಲ್ಲಿ ಹೊಸ ಅರ್ಜಿದಾರರು ಕಾಯುವ ಪಟ್ಟಿಗೆ ಸೇರಬೇಕಾಗುತ್ತದೆ.

ಹಳೆಯ ರಾಜ್ಯದಲ್ಲಿ ಎಷ್ಟೇ ವರ್ಷ ಮನೆ ಆರೈಕೆ ಪಡೆದಿದ್ದರೂ ಹೊಸ ರಾಜ್ಯದ ಪಟ್ಟಿಯಲ್ಲಿ ಆ ಜ್ಯೇಷ್ಠತೆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ದಿನಕ್ಕೆ ಆರು ಗಂಟೆ ಸಹಾಯಕಿಯ ನೆರವು ಪಡೆಯುತ್ತಿದ್ದ ತಾಯಿಯು ಹೊಸ ರಾಜ್ಯಕ್ಕೆ ಬಂದ ದಿನದಿಂದ ಯಾವ ನೆರವೂ ಇಲ್ಲದೆ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಆ ಅವಧಿಯಲ್ಲಿ ಮಗಳು ಉದ್ಯೋಗ ಬಿಡುವ ಅಥವಾ ತಾಯಿಯನ್ನು ಇಷ್ಟವಿಲ್ಲದಿದ್ದರೂ ಶುಶ್ರೂಷಾಲಯಕ್ಕೆ ಸೇರಿಸುವ ಪರಿಸ್ಥಿತಿ ಬರುತ್ತದೆ. ಆದ್ದರಿಂದ ಮನೆ ಆರೈಕೆ ಪಡೆಯುತ್ತಿರುವವರು ಹೊಸ ರಾಜ್ಯದಲ್ಲಿ ಯಾವ ವೇವರ್ ಯೋಜನೆಗಳಿವೆ, ಪ್ರಸ್ತುತ ಕಾಯುವ ಪಟ್ಟಿ ಇದೆಯೇ, ಶುಶ್ರೂಷಾಲಯದಿಂದ ಮನೆಗೆ ಮರಳುವವರಿಗೆ ಆದ್ಯತೆ ಇದೆಯೇ ಎಂಬುದನ್ನು ವಾಸ ಬದಲಿಸುವ ತೀರ್ಮಾನಕ್ಕೆ ಮೊದಲೇ ವಿಚಾರಿಸತಕ್ಕದ್ದು.

ಆರೈಕೆಯ ಅಗತ್ಯವನ್ನು ಅಳೆಯುವ ವಿಧಾನವನ್ನೂ ಪ್ರತಿ ರಾಜ್ಯ ತಾನೇ ನಿಗದಿಪಡಿಸುತ್ತದೆ. ಒಂದು ರಾಜ್ಯದಲ್ಲಿ ಶುಶ್ರೂಷಾಲಯದ ಮಟ್ಟದ ಆರೈಕೆ ಅಗತ್ಯವೆಂದು ತೀರ್ಮಾನವಾದವರಿಗೆ ಇನ್ನೊಂದು ರಾಜ್ಯದ ಮೌಲ್ಯಮಾಪನದಲ್ಲಿ ಬೇರೆ ಫಲಿತಾಂಶ ಬರುವುದು ಅಸಂಭವವಲ್ಲ.

6. ಆದಾಯ ಮತ್ತು ಆಸ್ತಿ ಮಿತಿಗಳು

ಅ) ಆಸ್ತಿ: ಅನೇಕ ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ಮೀರುವಂತಿಲ್ಲ. ಇಲಿನಾಯ್‌ನಲ್ಲಿ ಈ ಮಿತಿ 17,500 ಡಾಲರ್. ನ್ಯೂಯಾರ್ಕ್‌ನಲ್ಲಿ 30 ಸಾವಿರ ಡಾಲರ್‌ಗಿಂತ ಹೆಚ್ಚು. ಕ್ಯಾಲಿಫೋರ್ನಿಯಾವು 2024ರ ಜನವರಿಯಲ್ಲಿ ಆಸ್ತಿ ಮಿತಿಯನ್ನು ಕೈಬಿಟ್ಟಿದ್ದು, 2026ರ ಜನವರಿ 1ರಿಂದ 1,30,000 ಡಾಲರ್ ಮಿತಿಯನ್ನು ಮತ್ತೆ ಜಾರಿಗೊಳಿಸಿದೆ.

ಆ) ಆದಾಯ: ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ನ್ಯೂಜೆರ್ಸಿ ಮುಂತಾದ ರಾಜ್ಯಗಳಲ್ಲಿ ದೀರ್ಘಾವಧಿ ಆರೈಕೆಗೆ ಆದಾಯದ ಕಟ್ಟುನಿಟ್ಟಾದ ಮಿತಿಯಿದೆ. 2026ರಲ್ಲಿ ಈ ಮಿತಿ ತಿಂಗಳಿಗೆ 2,982 ಡಾಲರ್. ಆದಾಯ ಇದನ್ನು ಮೀರಿದವರು ಅರ್ಹ ಆದಾಯ ಟ್ರಸ್ಟ್ ಎಂಬ ವಿಶೇಷ ಖಾತೆಯನ್ನು ತೆರೆದು, ಆದಾಯವನ್ನು ಅದರ ಮೂಲಕ ಹಾಯಿಸಿದರೆ ಅರ್ಹತೆ ಪಡೆಯಬಹುದು. ಇದನ್ನು ಮಿಲ್ಲರ್ ಟ್ರಸ್ಟ್ ಎಂದೂ ಕರೆಯುತ್ತಾರೆ. ಇಲಿನಾಯ್, ನ್ಯೂಯಾರ್ಕ್ ಮುಂತಾದ ರಾಜ್ಯಗಳಲ್ಲಿ ವೈದ್ಯಕೀಯ ವೆಚ್ಚವನ್ನು ಆದಾಯದಿಂದ ಕಳೆದು ಲೆಕ್ಕ ಹಾಕುವುದರಿಂದ ಇಂತಹ ಟ್ರಸ್ಟ್ ಅಗತ್ಯವಿರುವುದಿಲ್ಲ.

ಇ) ಪತಿ ಅಥವಾ ಪತ್ನಿಯ ಪಾಲು: ದಂಪತಿಗಳಲ್ಲಿ ಒಬ್ಬರು ಮಾತ್ರ ಆರೈಕೆಯಲ್ಲಿದ್ದಾಗ, ಮನೆಯಲ್ಲಿರುವವರು ನಿರ್ಗತಿಕರಾಗಬಾರದೆಂದು ನಿರ್ದಿಷ್ಟ ಮೊತ್ತದ ಆಸ್ತಿಯನ್ನು ಉಳಿಸಿಕೊಳ್ಳಲು ಅವಕಾಶವಿದೆ. 2026ರಲ್ಲಿ ಕೇಂದ್ರವು ಇದಕ್ಕೆ ಗೊತ್ತುಪಡಿಸಿರುವ ಗರಿಷ್ಠ ಮೊತ್ತ 1,62,660 ಡಾಲರ್. ಈ ಮಿತಿಯೊಳಗೆ ರಾಜ್ಯಗಳ ಲೆಕ್ಕಾಚಾರ ಬೇರೆ ಬೇರೆಯಾಗಿರುತ್ತದೆ.

ಈ) ಹಳೆಯ ರಾಜ್ಯದಲ್ಲಿರುವ ಮನೆ: ಹಿಂದಿರುಗುವ ಉದ್ದೇಶವಿರುವ ಸ್ವಂತ ಮನೆಯನ್ನು ಸಾಮಾನ್ಯವಾಗಿ ಮಿತಿಯೊಳಗೆ ಲೆಕ್ಕದಿಂದ ಬಿಡಲಾಗುತ್ತದೆ. ಆದರೆ ಹೊಸ ರಾಜ್ಯದಲ್ಲಿ ಶಾಶ್ವತವಾಗಿ ನೆಲೆಸುವುದಾಗಿ ಹೇಳಿದ ಮೇಲೆ, ಹಳೆಯ ರಾಜ್ಯದ ಮನೆಗೆ ಮರಳುವುದಾಗಿ ಹೇಳಲು ಕಷ್ಟವಾಗುತ್ತದೆ. ಆಗ ಆ ಮನೆಯು ಲೆಕ್ಕಕ್ಕೆ ಬರುವ ಆಸ್ತಿಯಾಗಿ ಅರ್ಜಿಯೇ ತಿರಸ್ಕೃತವಾಗುವ ಸಂಭವವಿದೆ. ಮನೆಯ ವಿಷಯದಲ್ಲಿ ಹೊಸ ರಾಜ್ಯದ ವಕೀಲರ ಸಲಹೆಯನ್ನು ಮೊದಲೇ ಪಡೆಯುವುದು ಸೂಕ್ತ.

7. ಕರ್ನಾಟಕದಲ್ಲಿರುವ ಆಸ್ತಿ ಮತ್ತು ಐದು ವರ್ಷಗಳ ಪರಿಶೀಲನೆ

ಊರಿನಲ್ಲಿರುವ ಹೊಲ, ನಿವೇಶನ, ಮನೆ, ಬ್ಯಾಂಕ್ ಠೇವಣಿ ಮತ್ತು ಪಿಂಚಣಿಯನ್ನು ಅಮೆರಿಕದ ಅರ್ಜಿಯಲ್ಲಿ ಘೋಷಿಸಬೇಕಾಗಿಲ್ಲ ಎಂಬುದು ತಪ್ಪು ಕಲ್ಪನೆ. ಆಸ್ತಿ ಯಾವ ದೇಶದಲ್ಲಿದ್ದರೂ ಅದನ್ನು ತಿಳಿಸುವುದು ಅರ್ಜಿದಾರರ ಕರ್ತವ್ಯ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪಾಲು ಇದ್ದಲ್ಲಿ ಅದರ ಸ್ವರೂಪವನ್ನೂ, ತಕ್ಷಣ ಮಾರಲು ಸಾಧ್ಯವಿಲ್ಲದಿದ್ದಲ್ಲಿ ಆ ಕಾರಣವನ್ನೂ ದಾಖಲೆಗಳೊಂದಿಗೆ ವಿವರಿಸತಕ್ಕದ್ದು.

ಕೇಂದ್ರವು 2006ರ ಫೆಬ್ರವರಿಯಲ್ಲಿ ಜಾರಿಗೊಳಿಸಿದ ಕಾಯಿದೆಯಂತೆ, ಅರ್ಜಿಯ ಹಿಂದಿನ 60 ತಿಂಗಳ ಅವಧಿಯಲ್ಲಿ ಅರ್ಜಿದಾರರು ಆಸ್ತಿಯನ್ನು ದಾನವಾಗಿ ಅಥವಾ ಕಡಿಮೆ ಬೆಲೆಗೆ ವರ್ಗಾಯಿಸಿದ್ದಾರೆಯೇ ಎಂದು ಪರಿಶೀಲಿಸಲಾಗುತ್ತದೆ. ಊರಿನ ಜಮೀನನ್ನು ದಾನಪತ್ರದ ಮೂಲಕ ಮಗನಿಗೆ ಕೊಟ್ಟಿದ್ದರೂ ಅದು ಈ ಪರಿಶೀಲನೆಗೆ ಒಳಪಡುತ್ತದೆ. ವರ್ಗಾಯಿಸಿದ ಮೊತ್ತವನ್ನು ಆ ರಾಜ್ಯದ ಶುಶ್ರೂಷಾಲಯದ ಸರಾಸರಿ ಮಾಸಿಕ ವೆಚ್ಚದಿಂದ ಭಾಗಿಸಿ, ಬರುವಷ್ಟು ತಿಂಗಳು ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ. ಉದಾಹರಣೆಗೆ 60,000 ಡಾಲರ್ ಮೌಲ್ಯದ ದಾನಕ್ಕೆ, ಸರಾಸರಿ ವೆಚ್ಚ 10,000 ಡಾಲರ್ ಎಂದು ನಿಗದಿಯಾಗಿರುವ ರಾಜ್ಯದಲ್ಲಿ ಆರು ತಿಂಗಳು, 12,000 ಡಾಲರ್ ಎಂದು ನಿಗದಿಯಾಗಿರುವ ರಾಜ್ಯದಲ್ಲಿ ಐದು ತಿಂಗಳು ತಡೆ ಉಂಟಾಗುತ್ತದೆ. ಪತಿ ಅಥವಾ ಪತ್ನಿಗೆ ಹಾಗೂ ಅಂಗವಿಕಲ ಮಕ್ಕಳಿಗೆ ಮಾಡಿದ ವರ್ಗಾವಣೆಗೆ ವಿನಾಯಿತಿ ಇದೆ.

ಹಳೆಯ ರಾಜ್ಯವು ಒಮ್ಮೆ ಈ ದಾಖಲೆಗಳನ್ನು ಪರಿಶೀಲಿಸಿ ಒಪ್ಪಿದ್ದರೂ, ಹೊಸ ರಾಜ್ಯವು ತನ್ನದೇ ಪರಿಶೀಲನೆ ನಡೆಸುತ್ತದೆ. ಆದುದರಿಂದ ಐದು ವರ್ಷಗಳ ಬ್ಯಾಂಕ್ ವಿವರಗಳನ್ನು ಯಾವ ಕಾರಣಕ್ಕೂ ವಿಲೇ ಮಾಡಬಾರದು.

8. ವಲಸಿಗರಿಗೆ ಸಂಬಂಧಿಸಿದ ನಿಯಮ

1996ರ ಕೇಂದ್ರ ಕಾಯಿದೆಯಂತೆ, ಗ್ರೀನ್ ಕಾರ್ಡ್ ಪಡೆದವರಲ್ಲಿ ಹೆಚ್ಚಿನವರು ಮೊದಲ ಐದು ವರ್ಷ ಕೇಂದ್ರ ನೆರವಿನ ಪೂರ್ಣ ಮೆಡಿಕೇಡ್‌ಗೆ ಅರ್ಹರಾಗಿರುವುದಿಲ್ಲ. ಈ ಐದು ವರ್ಷಗಳನ್ನು ಆ ಸ್ಥಾನಮಾನ ದೊರೆತ ದಿನದಿಂದ ಲೆಕ್ಕ ಹಾಕಲಾಗುತ್ತದೆ. ರಾಜ್ಯ ಬದಲಿಸಿದ ಕಾರಣಕ್ಕೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುವುದಿಲ್ಲ. ಕೆಲವು ರಾಜ್ಯಗಳು ತಮ್ಮ ಸ್ವಂತ ಹಣದಿಂದ ಇಂತಹವರಿಗೆ ನೆರವು ನೀಡುತ್ತವೆ. ಆ ನೆರವು ರಾಜ್ಯ ಬಿಟ್ಟೊಡನೆ ನಿಲ್ಲುತ್ತದೆ. ಪ್ರವಾಸಿ ವೀಸಾದ ಮೇಲೆ ಹೋದವರಿಗೆ ದೀರ್ಘಾವಧಿ ಆರೈಕೆಯ ಮೆಡಿಕೇಡ್ ದೊರೆಯುವುದಿಲ್ಲ. ಪ್ರಾಯೋಜಕರಾದ ಮಕ್ಕಳ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮವೂ ಕೆಲವರಿಗೆ ಅನ್ವಯಿಸಬಹುದಾದ್ದರಿಂದ ಅರ್ಜಿಗೆ ಮೊದಲು ವಿಚಾರಿಸುವುದು ಒಳಿತು.

9. ಅರ್ಜಿಯ ಕಾಲಾವಧಿ ಮತ್ತು ಪೂರ್ವಾನ್ವಯ ಸೌಲಭ್ಯ

ಅರ್ಜಿಯನ್ನು ಸಾಮಾನ್ಯವಾಗಿ 45 ದಿನಗಳೊಳಗೆ, ಅಂಗವೈಕಲ್ಯದ ನಿರ್ಧಾರ ಬೇಕಾದ ಅರ್ಜಿಯನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕೇಂದ್ರ ನಿಯಮವಿದೆ. ದಾಖಲೆಗಳ ಕೊರತೆಯಿಂದ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು.

ಈ ಅವಧಿಯ ವೆಚ್ಚಕ್ಕೆ ಪರಿಹಾರವಾಗಿ ಪೂರ್ವಾನ್ವಯ ಸೌಲಭ್ಯವಿದೆ. ಕೇಂದ್ರದ ಸಾಮಾನ್ಯ ನಿಯಮದಂತೆ, ಅರ್ಜಿ ಸಲ್ಲಿಸಿದ ತಿಂಗಳ ಹಿಂದಿನ ಮೂರು ತಿಂಗಳವರೆಗಿನ ವೆಚ್ಚವನ್ನು, ಆ ತಿಂಗಳುಗಳಲ್ಲಿಯೂ ಅರ್ಜಿದಾರರು ಅರ್ಹರಾಗಿದ್ದಲ್ಲಿ, ಮೆಡಿಕೇಡ್ ಭರಿಸುತ್ತದೆ. ವಿಶೇಷ ಅನುಮತಿ ಪಡೆದು ಇದನ್ನು ಮೊಟಕುಗೊಳಿಸಿದ ರಾಜ್ಯಗಳೂ ಇವೆ. 2025ರ ಜುಲೈ 4ರಂದು ಅಂಕಿತಗೊಂಡ ಕಾಯಿದೆಯಂತೆ, 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಲ್ಲಿ ವೃದ್ಧರು ಮತ್ತು ಅಂಗವಿಕಲರಿಗೆ ಈ ಅವಧಿ ಎರಡು ತಿಂಗಳಿಗೆ ಇಳಿಯುತ್ತದೆ. ಹೀಗಾಗಿ ತಡವಾಗಿ ಅರ್ಜಿ ಸಲ್ಲಿಸಿದವರಿಗೆ ನಷ್ಟ ಹೆಚ್ಚುತ್ತದೆ.

ಈ ಸೌಲಭ್ಯದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೊಸ ರಾಜ್ಯವು ತನ್ನಲ್ಲಿ ವಾಸ ಆರಂಭವಾದ ನಂತರದ ವೆಚ್ಚವನ್ನು ಮಾತ್ರ ಪರಿಗಣಿಸುತ್ತದೆ. ಎರಡನೆಯದಾಗಿ, ವೇವರ್ ಮೂಲಕ ದೊರೆಯುವ ಮನೆ ಆರೈಕೆಗೆ ಮುಂಚಿತವಾಗಿ ಅನುಮೋದಿತ ಆರೈಕೆ ಯೋಜನೆ ಬೇಕಾಗಿರುವುದರಿಂದ, ಅದಕ್ಕೆ ಸಾಮಾನ್ಯವಾಗಿ ಪೂರ್ವಾನ್ವಯ ದೊರೆಯುವುದಿಲ್ಲ. ಶುಶ್ರೂಷಾಲಯದಲ್ಲಿರುವವರಿಗೆ ನಂತರ ಹಣ ಸಂದಾಯವಾಗುವ ಭರವಸೆ ಇದೆ, ಮನೆಯಲ್ಲಿರುವವರಿಗೆ ಅದಿಲ್ಲ.

10. ನಿದರ್ಶನ

ಇಲಿನಾಯ್ ರಾಜ್ಯದ ಶುಶ್ರೂಷಾಲಯದಲ್ಲಿ ಮೆಡಿಕೇಡ್ ನೆರವಿನಿಂದ ವಾಸವಿರುವ, ಅಮೆರಿಕದ ಪೌರತ್ವ ಪಡೆದ 79 ವರ್ಷದ ವಿಧವೆಯೊಬ್ಬರನ್ನು ಟೆಕ್ಸಾಸ್‌ನಲ್ಲಿರುವ ಮಗಳ ಸಮೀಪಕ್ಕೆ ಕರೆತರಲು ಕುಟುಂಬವು ಇಚ್ಛಿಸುತ್ತದೆ ಎಂದು ಭಾವಿಸೋಣ. ಅವರ ಉಳಿತಾಯ 12,000 ಡಾಲರ್, ಮಾಸಿಕ ಆದಾಯ 3,100 ಡಾಲರ್. ಇಲಿನಾಯ್‌ನಲ್ಲಿ ಉಳಿತಾಯವು ಮಿತಿಯೊಳಗಿದೆ, ಆದಾಯವು ಅಡ್ಡಿಯಾಗಿಲ್ಲ. ಟೆಕ್ಸಾಸ್‌ನಲ್ಲಿ ಇವೆರಡೂ ಮಿತಿ ಮೀರುತ್ತವೆ. ಏನನ್ನೂ ಮಾಡದೆ ಬಂದಲ್ಲಿ, ಆರೋಗ್ಯದ ಸ್ಥಿತಿ ಒಂದಿಷ್ಟೂ ಬದಲಾಗದಿದ್ದರೂ ಅವರು ಅನರ್ಹರಾಗುತ್ತಾರೆ.

ಕುಟುಂಬವು ಮೊದಲೇ ವಿಚಾರಿಸಿದಲ್ಲಿ ದಾರಿಯಿದೆ. ಹೆಚ್ಚುವರಿ 10,000 ಡಾಲರ್‌ಗಳನ್ನು ತಾಯಿಯ ಸ್ವಂತ ಅಗತ್ಯಗಳಿಗೆ, ಅಂದರೆ ಪ್ರಯಾಣದ ಆಂಬ್ಯುಲೆನ್ಸ್, ಶ್ರವಣ ಸಾಧನ, ದಂತ ಚಿಕಿತ್ಸೆ, ಬಾಕಿ ಬಿಲ್ಲುಗಳು ಹಾಗೂ ನಿಯಮಾನುಸಾರದ ಅಂತ್ಯಕ್ರಿಯೆಯ ಮುಂಗಡ ಒಪ್ಪಂದಕ್ಕೆ ವಿನಿಯೋಗಿಸಬಹುದು. ಮೊಮ್ಮಕ್ಕಳಿಗೆ ಹಂಚಿದಲ್ಲಿ ಅದು ದಾನವಾಗಿ ದಂಡಾವಧಿಗೆ ಕಾರಣವಾಗುತ್ತದೆ. ಟೆಕ್ಸಾಸ್‌ನಲ್ಲಿ ಆಸ್ತಿಯನ್ನು ತಿಂಗಳ ಮೊದಲನೆಯ ದಿನದ ಸ್ಥಿತಿಯಂತೆ ನೋಡಲಾಗುತ್ತದೆ. ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಬರುವವರು ಅಕ್ಟೋಬರ್ 1ರೊಳಗೆ ಉಳಿತಾಯವನ್ನು 2,000 ಡಾಲರ್ ಮಿತಿಗೆ ಇಳಿಸಿರಬೇಕು. ಆದಾಯಕ್ಕಾಗಿ ಟ್ರಸ್ಟ್ ಪತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿ, ಬಂದ ತಿಂಗಳಲ್ಲಿಯೇ ಖಾತೆ ತೆರೆಯಬೇಕು. ಈ ವಿಶೇಷ ಆದಾಯ ಮಿತಿಯ ವರ್ಗದಲ್ಲಿ ಸಂಸ್ಥೆಯ ವಾಸ ಸತತ 30 ದಿನಗಳಿಗೆ ಕಡಿಮೆ ಇರಬಾರದು. ಅದು ಪೂರ್ಣಗೊಂಡಾಗ ಅರ್ಹತೆಯು ಆ ಅವಧಿಯ ಮೊದಲ ದಿನದಿಂದ ಲೆಕ್ಕವಾಗುತ್ತದೆ.

11. ಅನುಸರಿಸಬೇಕಾದ ಕ್ರಮ

(1) ವಾಸ ಬದಲಿಸುವ ಹಲವು ತಿಂಗಳು ಮೊದಲೇ ಹೊಸ ರಾಜ್ಯದ ಮೆಡಿಕೇಡ್ ಕಚೇರಿಯಿಂದ ಆದಾಯ, ಆಸ್ತಿ ಮತ್ತು ಆರೈಕೆಯ ಮಟ್ಟದ ನಿಯಮಗಳನ್ನು ಪಡೆಯುವುದು.

(2) ಹೊಸ ರಾಜ್ಯದಲ್ಲಿ ಮೆಡಿಕೇಡ್ ಮಾನ್ಯತೆ ಪಡೆದ ಶುಶ್ರೂಷಾಲಯವನ್ನು ಗುರುತಿಸಿ, ಅರ್ಜಿ ತೀರ್ಮಾನವಾಗುವ ಮುನ್ನವೇ ಪ್ರವೇಶ ನೀಡುವರೇ ಎಂದು ಕೇಳುವುದು. ಎಲ್ಲ ಸಂಸ್ಥೆಗಳೂ ಇದಕ್ಕೆ ಒಪ್ಪುವುದಿಲ್ಲ. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು.

(3) ಹಳೆಯ ಶುಶ್ರೂಷಾಲಯದಿಂದ ವೈದ್ಯಕೀಯ ದಾಖಲೆ, ಔಷಧಿಗಳ ಪಟ್ಟಿ ಮತ್ತು ಇತ್ತೀಚಿನ ಮೌಲ್ಯಮಾಪನದ ಪ್ರತಿಗಳನ್ನು ಪಡೆದು, ಪ್ರಯಾಣದ ದಿನಗಳಿಗೆ ಹಾಗೂ ನಂತರದ ಕೆಲವು ವಾರಗಳಿಗೆ ಔಷಧಿ ಇಟ್ಟುಕೊಳ್ಳುವುದು.

(4) ಪ್ರಯಾಣದ ವೆಚ್ಚವನ್ನು ಕುಟುಂಬವೇ ಸಿದ್ಧಪಡಿಸಿಕೊಳ್ಳುವುದು. ವಾಸ ಬದಲಾವಣೆಯ ಪ್ರಯಾಣಕ್ಕೆ ಮೆಡಿಕೇಡ್ ಸಾಮಾನ್ಯವಾಗಿ ಹಣ ನೀಡುವುದಿಲ್ಲ.

(5) ಹಳೆಯ ರಾಜ್ಯದ ಸೌಲಭ್ಯವನ್ನು ಪ್ರಯಾಣಕ್ಕೆ ಬಹಳ ಮೊದಲೇ ನಿಲ್ಲಿಸಬಾರದು. ಹೊರಡುವ ದಿನಾಂಕವನ್ನು ಲಿಖಿತವಾಗಿ ತಿಳಿಸಿ, ಆ ದಿನಾಂಕ ಅಥವಾ ಆ ತಿಂಗಳ ಕೊನೆಗೆ ಮುಕ್ತಾಯಗೊಳಿಸುವಂತೆ ಕೋರುವುದು. ಮುಕ್ತಾಯ ಪತ್ರದ ಪ್ರತಿಯನ್ನು ಹೊಸ ರಾಜ್ಯವು ಕೇಳುತ್ತದೆ.

(6) ತಿಂಗಳ ಕೊನೆಯ ದಿನಗಳಲ್ಲಿ ಹೊರಟು, ಹೊಸ ರಾಜ್ಯದಲ್ಲಿ ಬಂದ ಕೂಡಲೇ ಅರ್ಜಿ ಸಲ್ಲಿಸಿದಲ್ಲಿ ಎರಡು ಸೌಲಭ್ಯಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಅರ್ಜಿ ಸ್ವೀಕೃತಿಯ ದಿನಾಂಕವಿರುವ ಪತ್ರವನ್ನು ಕಡ್ಡಾಯವಾಗಿ ಪಡೆಯುವುದು.

(7) ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೊಸ ವಿಳಾಸ ತಿಳಿಸುವುದು. ಮೂಲ ಮೆಡಿಕೇರ್ ಬದಲಾಗುವುದಿಲ್ಲ. ಆದರೆ ಪ್ರದೇಶಾವಾರು ನಡೆಯುವ ಮೆಡಿಕೇರ್ ಅಡ್ವಾಂಟೇಜ್ ಹಾಗೂ ಔಷಧಿ ವಿಮೆಗಳನ್ನು ಹೊಸದಾಗಿ ಆಯ್ಕೆ ಮಾಡಬೇಕಾಗುತ್ತದೆ.

12. ಸಿದ್ಧವಿಡಬೇಕಾದ ದಾಖಲೆಗಳು

- ಗುರುತು, ವಯಸ್ಸು ಹಾಗೂ ಪೌರತ್ವ ಅಥವಾ ವಲಸೆ ಸ್ಥಾನಮಾನದ ದಾಖಲೆ
- ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಾರ್ಡ್
- ಹೊಸ ರಾಜ್ಯದಲ್ಲಿ ವಾಸವಿರುವ ಬಗ್ಗೆ ಪುರಾವೆ, ಉದಾಹರಣೆಗೆ ಶುಶ್ರೂಷಾಲಯದ ಪ್ರವೇಶ ಪತ್ರ
- 60 ತಿಂಗಳ ಬ್ಯಾಂಕ್ ವಿವರಗಳು, ವಿಮೆ ಹಾಗೂ ಪಿಂಚಣಿ ಪತ್ರಗಳು
- ಕರ್ನಾಟಕದ ಆಸ್ತಿಯಿದ್ದಲ್ಲಿ ಪಹಣಿ, ಖಾತಾ, ಕ್ರಯಪತ್ರ ಅಥವಾ ಪಾಲುಪಟ್ಟಿಯ ಪ್ರತಿ ಮತ್ತು ಅವುಗಳ ಇಂಗ್ಲಿಷ್ ಅನುವಾದ
- ಹಳೆಯ ರಾಜ್ಯದ ಮಂಜೂರಾತಿ ಮತ್ತು ಮುಕ್ತಾಯ ಪತ್ರಗಳು
- ಹಿರಿಯರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ. ಹಿರಿಯರಿಗೆ ತಿಳಿವಳಿಕೆ ಇರುವಾಗಲೇ ಇದನ್ನು ಮಾಡಿಸತಕ್ಕದ್ದು.

13. ಸಹಿ ಹಾಕುವ ಮುನ್ನ

ಶುಶ್ರೂಷಾಲಯದ ಪ್ರವೇಶ ಪತ್ರಗಳಲ್ಲಿ ವೆಚ್ಚಕ್ಕೆ ಮಗ ಅಥವಾ ಮಗಳು ಸ್ವಂತ ಹೊಣೆ ಹೊರುವ ವಾಕ್ಯಗಳು ಸೇರಿರುವುದುಂಟು. ಮೆಡಿಕೇರ್ ಅಥವಾ ಮೆಡಿಕೇಡ್ ಮಾನ್ಯತೆ ಪಡೆದ ಸಂಸ್ಥೆಯು ಪ್ರವೇಶಕ್ಕೆ ಷರತ್ತಾಗಿ ಮೂರನೆಯವರ ಜಾಮೀನು ಕೇಳುವುದನ್ನು ಕೇಂದ್ರ ಕಾನೂನು ನಿಷೇಧಿಸಿದೆ. ಹಿರಿಯರ ಹಣವನ್ನು ನಿರ್ವಹಿಸುವವರು ಆ ಹಣದಿಂದ ಪಾವತಿಸುವುದಾಗಿ ಸಹಿ ಹಾಕಬಹುದು; ತಮ್ಮ ಸ್ವಂತ ಆಸ್ತಿಯಿಂದ ಪಾವತಿಸುವುದಾಗಿ ಸಹಿ ಹಾಕಬೇಕಾಗಿಲ್ಲ. ಪತ್ರವನ್ನು ಪೂರ್ತಿ ಓದಿ, ಅರ್ಥವಾಗದ ಭಾಗವನ್ನು ಕೇಳಿ ತಿಳಿದುಕೊಂಡು ಸಹಿ ಮಾಡುವುದು.

14. ಮೇಲ್ಮನವಿ

ಅರ್ಜಿ ತಿರಸ್ಕೃತವಾದಲ್ಲಿ ಅಥವಾ ನಿಗದಿತ ಅವಧಿಯಲ್ಲಿ ತೀರ್ಮಾನವಾಗದಿದ್ದಲ್ಲಿ ನ್ಯಾಯಸಮ್ಮತ ವಿಚಾರಣೆಯನ್ನು ಕೋರುವ ಹಕ್ಕು ಪ್ರತಿ ಅರ್ಜಿದಾರರಿಗೂ ಇದೆ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ನೀಡುವುದು ಕಚೇರಿಯ ಕರ್ತವ್ಯ. ಮನವಿ ಸಲ್ಲಿಸುವ ಕೊನೆಯ ದಿನಾಂಕವು ಆ ಪತ್ರದಲ್ಲಿಯೇ ಇರುತ್ತದೆ. ಇಂಗ್ಲಿಷ್ ಬಾರದ ಹಿರಿಯರು ಕನ್ನಡ ದುಭಾಷಿಯ ನೆರವನ್ನು ಶುಲ್ಕವಿಲ್ಲದೆ ಕೋರಬಹುದು.

15. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಸ ರಾಜ್ಯಕ್ಕೆ ಬರುವ ಮೊದಲೇ ಅಲ್ಲಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ವಾಸ ಆರಂಭವಾದ ನಂತರವೇ ಅರ್ಹತೆ ಬರುತ್ತದೆ. ಆದರೆ ಅರ್ಜಿ ನಮೂನೆ ತುಂಬಿ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಹಳೆಯ ರಾಜ್ಯವು ಖರ್ಚು ಮಾಡಿದ ಹಣವನ್ನು ಮುಂದೆ ಕೇಳುವುದೇ?
ಉತ್ತರ: 55 ವರ್ಷ ಮೇಲ್ಪಟ್ಟವರ ದೀರ್ಘಾವಧಿ ಆರೈಕೆಗೆ ಮಾಡಿದ ವೆಚ್ಚವನ್ನು ಅವರ ಮರಣಾನಂತರ ಆಸ್ತಿಯಿಂದ ವಸೂಲು ಮಾಡಲು ರಾಜ್ಯಗಳು ಕ್ರಮ ಕೈಗೊಳ್ಳಬೇಕೆಂದು 1993ರ ಕಾಯಿದೆ ಹೇಳುತ್ತದೆ. ರಾಜ್ಯ ಬಿಟ್ಟ ಮಾತ್ರಕ್ಕೆ ಆ ಹಕ್ಕು ಅಳಿಯುವುದಿಲ್ಲ. ಪತಿ ಅಥವಾ ಪತ್ನಿ ಬದುಕಿರುವವರೆಗೆ ವಸೂಲಾತಿ ನಡೆಯುವುದಿಲ್ಲ.

ಪ್ರಶ್ನೆ: ಹೊಸ ರಾಜ್ಯ ಸರಿಹೊಂದದೆ ಹಿಂದಿರುಗಿದಲ್ಲಿ ಹಳೆಯ ಸೌಲಭ್ಯ ತಾನಾಗಿಯೇ ಮರಳುವುದೇ?
ಉತ್ತರ: ಇಲ್ಲ. ಅಲ್ಲಿಯೂ ಹೊಸದಾಗಿ ಅರ್ಜಿ ಸಲ್ಲಿಸಬೇಕು. ವೇವರ್ ಯೋಜನೆಯಲ್ಲಿ ಬಿಟ್ಟುಕೊಟ್ಟ ಸ್ಥಾನ ಮತ್ತೆ ದೊರೆಯುವ ಖಾತರಿಯಿಲ್ಲ.

ಪ್ರಶ್ನೆ: ಉಚಿತ ಸಲಹೆ ಎಲ್ಲಿ ದೊರೆಯುತ್ತದೆ?
ಉತ್ತರ: ಪ್ರತಿ ರಾಜ್ಯದಲ್ಲಿಯೂ ವೃದ್ಧರಿಗೆ ವಿಮಾ ಸಲಹೆ ನೀಡುವ ಶಿಪ್ ಕಾರ್ಯಕ್ರಮ, ಪ್ರದೇಶಾವಾರು ವೃದ್ಧರ ಸೇವಾ ಕಚೇರಿ ಹಾಗೂ ಶುಶ್ರೂಷಾಲಯಗಳ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಇದ್ದಾರೆ. ಸಮೀಪದ ಕಚೇರಿಯ ವಿವರವನ್ನು ಎಲ್ಡರ್‌ಕೇರ್ ಲೊಕೇಟರ್ ಎಂಬ ಕೇಂದ್ರದ ಸೇವೆಯ 1-800-677-1116 ಸಂಖ್ಯೆಗೆ ಕರೆ ಮಾಡಿ ತಿಳಿಯಬಹುದು.

ಸೂಚನೆ: ಮೇಲೆ ನಮೂದಿಸಿರುವ ಮೊತ್ತಗಳಲ್ಲಿ ಹಲವು ಪ್ರತಿ ವರ್ಷ ಪರಿಷ್ಕೃತವಾಗುತ್ತವೆ. ಅರ್ಜಿ ಸಲ್ಲಿಸುವ ವರ್ಷದ ಮೊತ್ತವನ್ನು ಸಂಬಂಧಪಟ್ಟ ರಾಜ್ಯದ ಮೆಡಿಕೇಡ್ ಕಚೇರಿಯಿಂದ ಖಚಿತಪಡಿಸಿಕೊಂಡು, ಹೊಸ ರಾಜ್ಯದ ವ್ಯವಸ್ಥೆ ಸಿದ್ಧವಾದ ನಂತರವೇ ಹಿರಿಯರ ಪ್ರಯಾಣದ ದಿನಾಂಕವನ್ನು ನಿಗದಿಪಡಿಸಲು ಕೋರಲಾಗಿದೆ.